ಬೂಟಿಗೆ ಬಿದ್ದ ಕಗ್ಗಂಟು

ಬೆಳಗಾಗುವಷ್ಟರಲ್ಲಿ ಬೀರುವಿನಲ್ಲಿದ್ದ ಅಮ್ಮನ ಚಿನ್ನದ ಸರ ಮಾಯವಾಗಿತ್ತು. ತಿಂಡಿ ಹೊತ್ತಿಗೆ ಅತ್ತಿಗೆಯ ಮೇಲೆ ಗೂಬೆ ಕೂರಿಸಿದ್ದೂ ಆಗಿತ್ತು. ಬೀಗದ ಕೈ ಇರುತ್ತಿದ್ದದ್ದು ಅವಳ ಕೋಣೆಯಲ್ಲಿ, ಅಷ್ಟೇ ಸಾಕಾಯಿತು. ಸಂಜೆಯೊಳಗೆ ತವರಿಗೆ ಹೊರಡಲಿ ಎಂದು ಅಮ್ಮ ಹಟ ಹಿಡಿದಳು. ಕಟ್ಟಿಕೊಂಡ ಗಂಡ, ಅಣ್ಣ ಎನ್ನುವ ಪ್ರಾಣಿ, ಮಾರನೆಯ ದಿನದ ಪ್ರಯಾಣಕ್ಕೆ ಬಟ್ಟೆ ಮಡಚುತ್ತ ಕೂತಿದ್ದ.

ಅವನ ತಂಗಿಗೆ ಈ ಅನ್ಯಾಯ ಸಹಿಸಲಾಗಲಿಲ್ಲ. ಮಹಡಿ ಕೋಣೆಯ ಸೋದರಮಾವನ ಬಳಿ ಓಡಿದಳು. ಕಳ್ಳತನ ಪತ್ತೆ ಮಾಡುವುದರಲ್ಲಿ ಮಾವನದು ಎತ್ತಿದ ಕೈ, ಅವರಿಗೆ ಇವಳೇ ಬಲಗೈ.

ನಿನ್ನೆ ಮನೆಯಲ್ಲಿ ಏನೇನಾಯಿತು ಎಂದು ಮಾವ ಕೇಳಿದರು. ಅಂಥದ್ದೇನೂ ಇಲ್ಲ ಮಾವ, ಎಂದಳು. ಅಮ್ಮ, ಅತ್ತಿಗೆ ಪೇಟೆಗೆ ಹೋಗಿದ್ದರು. ನಾಳೆ ಪ್ರಯಾಣಕ್ಕೆ ಹಾಕಬೇಕಿದ್ದ ಅಣ್ಣನ ಬೂಟಿನ ಅಡಿ ಕಿತ್ತುಬಂದಿತ್ತು. ಇವಳೇ ಹಳೇ ಅಂಟನ್ನು ಉಪ್ಪುಕಾಗದದಲ್ಲಿ ಉಜ್ಜಿ ತೆಗೆದಳು. ಹಿಮ್ಮಡಿಯೊಳಗೆ ಜೇನುಗೂಡಿನಂಥ ಟೊಳ್ಳು ಕಂಡು ಅಣ್ಣನಿಗೆ ತೋರಿಸಿ ನಕ್ಕಳು. ಎರಡೂ ಕಡೆ ಅಂಟು ಸವರಿ, ಕೊಂಚ ಆರಲು ಬಿಟ್ಟು, ಒತ್ತಿ ಕೂರಿಸಿ, ಬಟ್ಟೆಪಟ್ಟಿ ಸುತ್ತಿ ಗಂಟು ಹಾಕಿ, ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಳು.

ಮಾವ ಎಲ್ಲರನ್ನೂ ಹಜಾರಕ್ಕೆ ಕರೆದರು. ಕೈಯಲ್ಲಿ ಆ ಬೂಟು.

"ಈ ಗಂಟು ನಿಂದೇನಮ್ಮ?"

ತಂಗಿ ನೋಡಿದಳು. ತುದಿ ಹಿಡಿದು ಎಳೆದಳು, ಬಿಚ್ಚಲಿಲ್ಲ. "ಅಲ್ಲ ಮಾವ. ನಾನು ಹಾಕಿದ್ದು ಎಳೆದ್ರೆ ಬಿಚ್ಕೊಳ್ಳೋ ಗಂಟು. ಇದು ಕಗ್ಗಂಟು."

"ಅಂದ್ರೆ ಯಾರೋ ಬಿಚ್ಚಿ ಮತ್ತೆ ಕಟ್ಟಿದಾರೆ. ಒಳಗೆ ಟೊಳ್ಳಿದೆ ಅಂತ ಗೊತ್ತಿದ್ದೋರು ಇಬ್ರೇ, ನೀನು, ನಿಮ್ಮಣ್ಣ. ನೀನಾಗಿದ್ರೆ ನಿನ್ನ ಗಂಟೇ ಹಾಕ್ತಿದ್ದೆ. ಅದೂ ಅಲ್ದೆ, ನಾಳೆ ಇನ್ನೊಬ್ರ ಕಾಲಲ್ಲಿ ಊರು ಬಿಡೋ ಬೂಟಲ್ಲಿ ಯಾರಾದ್ರೂ ಕದ್ದ ಮಾಲು ಇಡ್ತಾರಾ?"

ಪಟ್ಟಿ ಕತ್ತರಿಸಿ ಚಾಕು ತೂರಿಸಿದರು. ಅಡಿ ಬಾಯಿಬಿಟ್ಟಿತು. ಟೊಳ್ಳಿನಲ್ಲಿ ಸರ ಸುರುಳಿ ಸುತ್ತಿಕೊಂಡಿತ್ತು.

ಅಣ್ಣ ತಲೆ ಎತ್ತಲಿಲ್ಲ. "ಇವಳ ಜೊತೆ ಬಾಳೋಕೆ ನಂಗಿಷ್ಟ ಇರ್ಲಿಲ್ಲ. ಹೋಗು ಅಂದಿದ್ರೆ ನಾನು ಕೆಟ್ಟೋನಾಗ್ತಿದ್ದೆ."

ಅಮ್ಮ ದಡಬಡಿಸಿ ಎದ್ದು ಸೊಸೆ ತವರಿಗೆಂದು ಕಟ್ಟಿಟ್ಟಿದ್ದ ಚೀಲ ಬಿಚ್ಚಲು ಹೋದಳು. ಅತ್ತಿಗೆ ತಡೆದಳು. "ಆಗ ನೀವು ಕಳಿಸ್ತಿದ್ರಿ ಅತ್ತೆ. ಈಗ ನಾನಾಗೇ ಹೋಗ್ತಿದೀನಿ."

ಚೀಲದ ಇನ್ನೊಂದು ಹಿಡಿಕೆಯನ್ನು ತಂಗಿ ಹಿಡಿದಳು. ಪ್ರೀತಿಯಿಂದ ಬೂಟಿನ ಹೊಲಸು ಕೆರೆದು ಅಂಟಿಸಿಕೊಟ್ಟಿದ್ದಳು. ಆ ಕೆಲಸವನ್ನೇ ಅಣ್ಣ ಹೀಗೆ ಬಳಸಿಕೊಂಡಿದ್ದ. ಹೊಸ್ತಿಲು ದಾಟುವ ಮುನ್ನ, ಉಳಿದಿದ್ದ ಅಂಟಿನ ಟ್ಯೂಬನ್ನು ಅವನ ಮುಂದಿಟ್ಟಳು.

"ಇನ್ಮೇಲೆ ನೀನೇ ಅಂಟಿಸ್ಕೋ ಅಣ್ಣ."