ಪ್ರಾರ್ಥನೆಮನೆಯ ನೀರು

ಕೃಪಾವತಿ ಕುಡಿಸಿದ ಲೋಟವನ್ನು ಕೆಳಗಿಡುವ ಮೊದಲೇ ವಾರಿಜಾ ಮುಂದಕ್ಕೆ ಕುಸಿದಳು. ಚಾಪೆಯ ಮೇಲೆ ವಾಂತಿಯಾಯಿತು. ಮತ್ತೆ ಆಯಿತು. ಆಮೇಲೆ ಅವಳ ಕೈಕಾಲು ಸೆಟೆದುಕೊಂಡವು.

"ಏನು ಕೊಟ್ರಿ ಅವಳಿಗೆ?" ಎಂದಳು ವಾರಿಜಾಳ ಅಕ್ಕ ಪಂಕಜಾ. ಕೂಗಲಿಲ್ಲ. ಆದರೂ ಅಲ್ಲಿದ್ದ ಮೂವತ್ತು ಜನಕ್ಕೂ ಕೇಳಿಸಿತು.

"ನೀರು. ಬರೀ ನೀರು."

ಅದು ೧೯೬೧ರ ಒಂದು ಶುಕ್ರವಾರ, ಬೆಳಗಿನ ಹನ್ನೊಂದು ಗಂಟೆ. ಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಕಲ್ಲುಚಪ್ಪಡಿಗಳ ರಾಶಿಗಳೇ ಹೆಚ್ಚು. ಬೈರಸಂದ್ರದ ಕಡೆಗಿದ್ದ ಒಂದು ಹಂಚಿನ ಮನೆಯಲ್ಲಿ ಪಾಸ್ಟರ್ ಸತ್ಯಮಿತ್ರ ಶುಕ್ರವಾರಗಳಂದು ರೋಗಿಗಳಿಗಾಗಿ ಪ್ರಾರ್ಥನೆ ಮಾಡುತ್ತಿದ್ದರು. ಬಂದವರಿಗೆ ಚಾಪೆ ಹಾಸಿ ನೀರು ಕೊಡುವುದು ಕೃಪಾವತಿಯ ಕೆಲಸ. ಐವತ್ತೆಂಟು ವರ್ಷದ ನಿವೃತ್ತ ನರ್ಸು. ಎಡಗಣ್ಣಿಗೆ ಪೊರೆ ಬರುತ್ತಿತ್ತು.

ವಾರಿಜಾಳನ್ನು ಜಟಕಾಗಾಡಿಗೆ ಹತ್ತಿಸುವಾಗ ಕೃಪಾವತಿಗೆ ಅಡಿಗೆಮನೆಯ ಹಲಗೆ ನೆನಪಾಯಿತು. ಅಲ್ಲಿ ನೀರಿನ ಹೂಜಿಯ ಪಕ್ಕದಲ್ಲೇ ಇಲಿ ಪಾಷಾಣದ ಡಬ್ಬಿ ಇತ್ತು. ಹೋದ ವಾರ ತಾವೇ ತಂದಿಟ್ಟದ್ದು.



* * *

ಮಧ್ಯಾಹ್ನ ಎರಡು ಗಂಟೆಗೆ ಇನ್‌ಸ್ಪೆಕ್ಟರ್ ಗಂಗಾಧರಯ್ಯ ಆ ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿ ಮೇಜಿನ ಮೇಲಿಟ್ಟರು.

"ಹೊಟ್ಟೆ ತೊಳೆದಿದ್ದಾರೆ. ಜೀವ ಇದೆ. ಪಾಷಾಣಾನೇ ಅಂತಾರೆ ಡಾಕ್ಟ್ರು. ಇದು ಯಾರದು?"

"ನಂದು, ಸಾರ್."

ಹೊರಗೆ ಜನ ಸೇರಿದ್ದರು. ಹಂಚಿನ ಮೇಲೆ ಒಂದು ಕಲ್ಲು ಬಿತ್ತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಪಾಸ್ಟರ್ ಬಾಗಿಲ ಬಳಿ ಬೈಬಲ್ ಹಿಡಿದು ನಿಂತಿದ್ದರು. ಕೃಪಾವತಿ ಮಾತ್ರ ತಮ್ಮ ಬಲಗೈಯನ್ನೇ ನೋಡುತ್ತಿದ್ದರು. ಲೋಟವನ್ನು ಒರೆಸಿದ್ದೆನೆ? ಪುಡಿ ಮುಟ್ಟಿದ ಕೈಯನ್ನು ತೊಳೆದುಕೊಂಡಿದ್ದೆನೆ? ಮೂವತ್ತೈದು ವರ್ಷ ಔಷಧಿ ಅಳೆದು ಕೊಟ್ಟ ಕೈ ಅದು. ಈಗ ಅದರ ಮೇಲೆ ಅವರಿಗೇ ನಂಬಿಕೆ ಇರಲಿಲ್ಲ.

"ಬೇಕಂತ ಮಾಡಿದ್ದು ಅಂತ ನಾನು ಹೇಳ್ತಿಲ್ಲ," ಎಂದರು ಗಂಗಾಧರಯ್ಯ. "ಆದ್ರೆ ಆಕೆ ಅಕ್ಕ ಹೇಳಿಕೆ ಕೊಟ್ಟಿದ್ದಾರೆ. ತಂಗಿ ನಿನ್ನೆ ಸಂಜೆಯಿಂದ ಉಪವಾಸ. ಬಾಯಿಗೆ ಹೋಗಿದ್ದು ನಿಮ್ಮ ನೀರೊಂದೇ. ಆಕೆಗೆ ಯಾರ ಮೇಲಾದ್ರೂ ಭಯ ಇತ್ತಾ?"

ಕೃಪಾವತಿ ಗೊತ್ತಿದ್ದುದನ್ನು ಹೇಳಿದರು. ವಾರಿಜಾ ತ್ಯಾಗರಾಜನಗರದ ಮನೆಯ ಸೊಸೆ. ಕೆಲವು ತಿಂಗಳಿಂದ ಬಿಟ್ಟುಬಿಟ್ಟು ವಾಂತಿ, ಕೈಕಾಲು ಜೋಮು, ಲೋಟ ಹಿಡಿಯಲೂ ಬಾರದಷ್ಟು ನಿಶ್ಶಕ್ತಿ. ಹರಕೆ ಹೊತ್ತರು, ಟಾನಿಕ್ ಕುಡಿಸಿದರು. ಒಂದು ತಿಂಗಳ ಹಿಂದೆ, ಅದೇ ಮನೆಯಲ್ಲಿದ್ದ ಅಕ್ಕ ಇಲ್ಲಿಗೆ ಕರೆತಂದಳು. ವಾರಿಜಾ ಕಣ್ಣು ಮುಚ್ಚಿ "ಯೇಸಪ್ಪಾ, ನನ್ನ ಕೈ ನಂಗೆ ಕೊಡು" ಎಂದಷ್ಟೇ ಬೇಡುತ್ತಿದ್ದಳು. ಎರಡು ವಾರದಿಂದ ತುಸು ಚೇತರಿಸಿಕೊಂಡಿದ್ದಳು ಕೂಡ. ಪಾಸ್ಟರ್ ಪ್ರತಿ ಸಲವೂ ದೊಡ್ಡ ಆಸ್ಪತ್ರೆಗೆ ತೋರಿಸಿ ಎನ್ನುತ್ತಿದ್ದರು. ಸೋಮವಾರ ಸೇರಿಸುವುದೆಂದು ಗಂಡ ರಾಮಪ್ರಸಾದ ನಿಶ್ಚಯಿಸಿದ್ದ.

"ಅತ್ತೆ ನಾರಾಯಣಮ್ಮ ಒಂದ್ಸಲ ಇಲ್ಲಿಗೇ ಬಂದು ಗಲಾಟೆ ಮಾಡಿದ್ರು," ಎಂದರು ಕೃಪಾವತಿ. "ಈ ಮನೆ ಮೆಟ್ಟಿಲು ಹತ್ತೋದಕ್ಕಿಂತ ಸೊಸೆ ಸಾಯೋದೇ ವಾಸಿ ಅಂದ್ರು."

ಇನ್‌ಸ್ಪೆಕ್ಟರು ಅದನ್ನು ಬರೆದುಕೊಂಡರು. "ಊರು ಬಿಟ್ಟು ಹೋಗ್ಬೇಡಿ, ಅಮ್ಮಾ."

"ಅವಳನ್ನ ಒಂದು ಸಲ ನೋಡ್ಬೇಕು, ಸಾರ್."

* * *

ಸಂಜೆ ಐದು ಗಂಟೆ. ಕೃಪಾವತಿಯ ಹಿಂದೆ ಒಬ್ಬ ಪೇದೆ ವಾರ್ಡಿನೊಳಗೆ ಬಂದ. ರಾಮಪ್ರಸಾದ ಗೋಡೆಗೆ ಒರಗಿ ನಿಂತಿದ್ದ. ಅವರನ್ನು ಕಂಡು ಮುಖ ತಿರುಗಿಸಿಕೊಂಡ. ಪಂಕಜಾ ಮಂಚದ ಪಕ್ಕ ಕುಳಿತು ತಂಗಿಯ ಹಣೆ ಒರೆಸುತ್ತಿದ್ದಳು.

ಕೃಪಾವತಿ ಹೆದರಿಕೆಯಿಂದಲೇ ವಾರಿಜಾಳ ಕೈ ಹಿಡಿದರು. ತಣ್ಣಗಿತ್ತು. ಅಭ್ಯಾಸಬಲದಿಂದ ಬೆರಳು ನಾಡಿಗೆ ಹೋಯಿತು. ಕಣ್ಣು ಉಗುರಿಗೆ ಹೋಯಿತು.

ಉಗುರಿನ ಮೇಲೆ ಅಡ್ಡಡ್ಡಲಾಗಿ ಬಿಳಿ ಗೆರೆಗಳಿದ್ದವು. ಹೆಬ್ಬೆರಳಿನಲ್ಲಿ ಮೂರು. ತೋರುಬೆರಳಿನಲ್ಲೂ ಮೂರು. ಅವರು ಎಡಗಣ್ಣು ಮುಚ್ಚಿ, ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ಎಣಿಸಿದರು. ಎಲ್ಲ ಬೆರಳಲ್ಲೂ ಮೂರೇ.

ಇಂಥ ಉಗುರನ್ನು ಅವರು ಕೆಲಸಕ್ಕಿದ್ದಾಗ ಒಮ್ಮೆ ನೋಡಿದ್ದರು. ಆ ರೋಗಿ ಬದುಕಿರಲಿಲ್ಲ.

"ಏನು ನೋಡ್ತಿದ್ದೀರಿ?" ಎಂದಳು ಪಂಕಜಾ.

"ನಾಡಿ," ಎಂದರು ಕೃಪಾವತಿ. ವಿಷ ಕೊಟ್ಟವರು ಈ ಮಂಚದಿಂದ ದೂರದಲ್ಲಿಲ್ಲ. ಹೊರಟುಹೋದರೆ ಇವಳನ್ನು ಅವರ ಕೈಗೆ ಬಿಟ್ಟುಹೋದಂತೆ.

ಅವರು ರಾಮಪ್ರಸಾದನತ್ತ ತಿರುಗಿದರು. "ನಾಲ್ಕು ತಿಂಗಳ ಹಿಂದೆ ಶುರುವಾದಾಗ್ಲೇ ನೀವು ಆಸ್ಪತ್ರೆಗೆ ತೋರಿಸ್ಬೇಕಿತ್ತು."

"ನಾನೆಲ್ಲಿದ್ದೆ? ಶಿವಮೊಗ್ಗದಲ್ಲಿ ಕೆಲಸ. ವರ್ಷ ಪೂರ್ತಿ ಅಲ್ಲೇ. ಬಂದು ಇನ್ನೂ ಆರು ವಾರ."

"ನಿಮ್ಮ ತಾಯಿಯವರು?"

"ಬುಧವಾರವೇ ಮೈಸೂರಿಗೆ ಹೋದ್ರು, ತಂಗಿ ಮನೆಗೆ. ತಂತಿ ಕೊಟ್ಟಿದ್ದೀನಿ. ನಾಳೆ ಬರ್ತಾರೆ."

ಕೃಪಾವತಿ ತಲೆಯಾಡಿಸಿದರು. ವಾರ್ಡಿನಾಚೆ ನಡೆದು ಗೋಡೆ ಹಿಡಿದು ನಿಂತರು. ಮನೆಯಲ್ಲಿ ಇನ್ನುಳಿದವರು ಒಬ್ಬರೇ. ಅವರು ಡ್ಯೂಟಿ ನರ್ಸಿನ ಬಳಿಗೆ ಹೋಗಿ ಹೇಳಿದರು, "ಆ ಹುಡುಗಿಗೆ ಹೊರಗಿನ ಊಟ ಯಾರೇ ತಂದ್ರೂ ಕೊಡ್ಬೇಡಮ್ಮ. ಯಾರೇ ಆಗ್ಲಿ." ಆಮೇಲೆ ಇನ್‌ಸ್ಪೆಕ್ಟರಿಗೆ ಫೋನು ಮಾಡಿಸಿದರು.

* * *

ಮರುದಿನ ಬೆಳಿಗ್ಗೆ ವಾರಿಜಾ ಕಣ್ಣು ಬಿಟ್ಟಳು. ಕೃಪಾವತಿ ಅವಳ ಕಿವಿಯ ಬಳಿ ಬಾಗಿದರು.

"ನಿನ್ನೆ ಬೆಳಿಗ್ಗೆ ಏನಾದ್ರೂ ಕುಡಿದ್ಯಾ, ಮಗಳೇ?"

"ಏನಿಲ್ಲ. ಕಷಾಯ ಒಂದೇ. ನಿಮ್ಮಲ್ಲಿಗೆ ಬರೋವಾಗ ಜಟಕಾದಲ್ಲಿ ಅಕ್ಕ ಕೊಟ್ಟಳು."

ಹಿಂದೆ ಹೆಜ್ಜೆ ಸಪ್ಪಳವಾಯಿತು. ಪಂಕಜಾ ಹಿತ್ತಾಳೆ ಡಬ್ಬಿಯಲ್ಲಿ ಗಂಜಿ ತಂದಿದ್ದಳು. ಅವಳ ಹಿಂದೆಯೇ ರಾಮಪ್ರಸಾದ, ಗಂಗಾಧರಯ್ಯ.

"ಬಿಸಿಯಾಗಿದೆ, ಕುಡಿ," ಎಂದು ಪಂಕಜಾ ಲೋಟಕ್ಕೆ ಬಗ್ಗಿಸಿದಳು.

ಕೃಪಾವತಿ ಲೋಟದ ಮೇಲೆ ಕೈಯಿಟ್ಟರು. "ಮೊದಲು ನೀವು ಒಂದು ಗುಟುಕು ಕುಡೀರಿ."

"ನಂಗಿವತ್ತು ಉಪವಾಸ."

"ತಂಗಿಗೋಸ್ಕರ ಮುರೀಬಹುದು."

ಪಂಕಜಾ ಇನ್‌ಸ್ಪೆಕ್ಟರನ್ನು ನೋಡಿದಳು. ಆಮೇಲೆ ರಾಮಪ್ರಸಾದನನ್ನು ನೋಡಿದಳು. ಡಬ್ಬಿಯ ಮುಚ್ಚಳವನ್ನು ನಿಧಾನವಾಗಿ ಹಾಕಿದಳು. ಗಂಗಾಧರಯ್ಯ ಡಬ್ಬಿ, ಲೋಟ ಎರಡನ್ನೂ ತೆಗೆದುಕೊಂಡರು.

"ಅಕ್ಕಾ?" ಎಂದಳು ವಾರಿಜಾ.

"ನೋಡೋಕೆ ಬಂದಿದ್ದು ನನ್ನನ್ನ," ಎಂದಳು ಪಂಕಜಾ. ಅವಳ ಮಾತು ತಂಗಿಗಾಗಿರಲಿಲ್ಲ, ರಾಮಪ್ರಸಾದನಿಗಾಗಿತ್ತು. "ಜಾತಕ ಕೂಡಲಿಲ್ಲ ಅಂದ್ರಿ, ಇವಳನ್ನ ಕಟ್ಕೊಂಡ್ರಿ. ಆರು ತಿಂಗಳು ಮುಂಚೆ ಇವಳೇ ಕರೆಸ್ಕೊಂಡ್ಲು, ಒಬ್ಬಳೇ ಇರ್ತೀಯಲ್ಲ ಬಾ ಅಂತ. ಇವಳ ಸೀರೆ ಮಡಿಸ್ಕೊಂಡು, ಇವಳ ಮನೆ ಗುಡಿಸ್ಕೊಂಡು ಇರೋದಕ್ಕೆ."



* * *

"ಹೇಗೆ ಗೊತ್ತಾಯ್ತು?" ಎಂದು ಗಂಗಾಧರಯ್ಯ ಅಂದು ಸಂಜೆ ವರಾಂಡದಲ್ಲಿ ಕೇಳಿದರು. ಗಂಜಿಯಲ್ಲೂ ಪಾಷಾಣ ಸಿಕ್ಕಿತ್ತು.

"ಈ ವಿಷ ಒಳಗೆ ಹೋದ್ರೆ ಉಗುರಲ್ಲಿ ಬಿಳಿ ಗೆರೆ ಬೀಳತ್ತೆ. ಉಗುರಿನ ಜೊತೆ ಮೇಲಕ್ಕೆ ಹೋಗತ್ತೆ, ತಿಂಗಳಿಗೆ ಅರ್ಧ ಅಕ್ಕಿಕಾಳಿನಷ್ಟು. ಮೂರು ಗೆರೆ ಅಂದ್ರೆ ಮೂರು ಸಲ. ಮೇಲಿನದು ನಾಲ್ಕು ತಿಂಗಳಷ್ಟು ಹಳೇದು. ಆಗ ಅವಳಿಗೆ ನಮ್ಮ ಪ್ರಾರ್ಥನೆಮನೆ ಎಲ್ಲಿದೆ ಅಂತಾನೂ ಗೊತ್ತಿರಲಿಲ್ಲ. ಗಂಡ ಶಿವಮೊಗ್ಗದಲ್ಲಿದ್ದ. ನಿನ್ನೆ ಅತ್ತೆ ಮೈಸೂರಲ್ಲಿದ್ರು. ಆಗಲೂ ನಿನ್ನೆಯೂ ಎರಡೂ ಸಲ ಮನೇಲಿದ್ದೋಳು ಅಕ್ಕ ಒಬ್ಬಳೇ."

"ಮತ್ತೆ ನಿಮ್ಮ ನೀರು?"

"ಇದಕ್ಕೆ ಕಡಿಮೆ ಅಂದ್ರೂ ಅರ್ಧ ಗಂಟೆ ಬೇಕು, ಸಾರ್. ನಾನು ಲೋಟ ಕೆಳಗಿಡೋ ಮುಂಚೆನೇ ಅವಳು ಬಿದ್ದಳು. ಅಷ್ಟು ಹೊತ್ತಿಗೆ ಕಷಾಯ ಕುಡಿದು ಮುಕ್ಕಾಲು ಗಂಟೆ ಆಗಿತ್ತು." ಕೃಪಾವತಿ ತಮ್ಮ ಬಲಗೈ ನೋಡಿಕೊಂಡರು. "ನಿನ್ನೆಯೇ ಹೊಳೀಬೇಕಿತ್ತು. ಹೆದರಿಕೇಲಿ ಹೊಳೀಲಿಲ್ಲ."

"ನಿನ್ನೆಯೇ ಯಾಕೆ ಮಾಡಿದ್ಲು?"

"ಸೋಮವಾರ ಆಸ್ಪತ್ರೆಗೆ ಸೇರಿಸಿದ್ರೆ ಯಾರಾದ್ರೂ ಡಾಕ್ಟರು ಈ ಉಗುರು ನೋಡೋರು. ಅದಕ್ಕೆ ಮುಂಚೆ ಮುಗಿಸ್ಬೇಕಿತ್ತು. ನಮ್ಮಲ್ಲಿ ಸತ್ತರೆ ಜನ ನಮ್ಮನ್ನೇ ಹೊಡೀತಾರೆ, ಮನೇಲಿ ಏನಾಗ್ತಿತ್ತು ಅಂತ ಯಾರೂ ಕೇಳಲ್ಲ."

ಇನ್‌ಸ್ಪೆಕ್ಟರು ಟೋಪಿ ಹಾಕಿಕೊಂಡು ಹೊರಟರು.

* * *

ಮೂರು ದಿನ ವಾರಿಜಾ ಏನನ್ನೂ ತಿನ್ನಲಿಲ್ಲ. ಆಸ್ಪತ್ರೆಯ ಹಾಲನ್ನೂ ದೂರ ತಳ್ಳಿದಳು. ನಾರಾಯಣಮ್ಮ ಮೈಸೂರಿನಿಂದ ಬಂದು ಕಾಲಬುಡದಲ್ಲಿ ಕೂತು ಬೇಡಿಕೊಂಡರೂ ಬಾಯಿ ತೆರೆಯಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಕೃಪಾವತಿ ಬಂದರು.

"ಪ್ರಾರ್ಥನೆ ಮಾಡ್ತೀರಾ?" ಎಂದಳು ವಾರಿಜಾ.

"ಕೈ ವಾಸಿಯಾಗಲಿ ಅಂತಲೇ?"

"ಕೈ ಹಾಗೇ ಇರಲಿ. ಯಾರು ಏನು ಕೊಟ್ರೂ ಭಯ ಆಗತ್ತೆ. ಅದು ಹೋಗಲಿ ಅಂತ ಮಾಡಿ."

ಕೃಪಾವತಿ ಅವಳ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಬಾಯಿಪಾಠದ ಮಾತೊಂದೂ ಬರಲಿಲ್ಲ. "ಅಪ್ಪಾ, ಇವಳು ತುಂಬ ಹೆದರಿದ್ದಾಳೆ. ನಾನೂ ಹೆದರಿದ್ದೀನಿ," ಎಂದರು. ನಾರಾಯಣಮ್ಮ ಎದ್ದು ಹೋಗಲಿಲ್ಲ. ತಲೆ ತಗ್ಗಿಸಿ ಕುಳಿತೇ ಇದ್ದರು.

ಆಮೆನ್ ಎಂದು ಕಣ್ಣು ತೆರೆದಾಗ ವಾರಿಜಾ ಅತ್ತೆಯ ಕಡೆ ತಿರುಗಿದ್ದಳು.

"ಹಸಿವಾಗ್ತಿದೆ, ಅಮ್ಮ," ಎಂದಳು.