ಬುತ್ತಿಯೊಳಗಿನ ಬೋರಮಾಳ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಜೋರಾಪುರ ಪೇಟೆಯ ಬಟ್ಟೆ ವ್ಯಾಪಾರಿ ಸಂಗನಬಸವ ಠಾಣೆಗೆ ಬಂದು, ಕುರ್ಚಿಯಲ್ಲಿ ಕೂಡುವ ಮೊದಲೇ ಎಫ್‌ಐಆರ್ ಹಾಕಿರೆಂದ. ತಾಯಿ ಗುರುಬಸವ್ವನ ಬಂಗಾರದ ಬೋರಮಾಳ ಸರ ಕಳುವಾಗಿದೆ. ಕದ್ದವಳು ರಾಚವ್ವ, ತಿಕೋಟಾದವಳು, ಮನೆಯಲ್ಲೇ ಇದ್ದು ತಾಯಿಯ ಆರೈಕೆ ಮಾಡುವವಳು.

"ನೋಡಿದವ್ರು ಯಾರು?" ಇನ್‌ಸ್ಪೆಕ್ಟರ್ ಮಲಕಾಜಪ್ಪ ಕೇಳಿದರು.

"ನಮ್ಮವ್ವ ನೋಡ್ಯಾಳ್ರಿ."

"ನೋಡಿ ಸುಮ್ನ ಕುಂತಿದ್ಲು?"

"ರಾಚವ್ವ ರಜಾಕ್ಕ ಹೊಂಟಿದ್ಲು. ಹೊಸ್ತಿಲಾ ದಾಟೂ ಮುಂದ ಅವ್ವ ಹೇಳಿದ್ಲ್ರಿ."

ಮೊದಲು ಮನೆ ನೋಡೋಣ, ಆಮೇಲೆ ಎಫ್‌ಐಆರ್ ಎಂದು ಮಲಕಾಜಪ್ಪ ಎದ್ದರು. ಅವರ ಸಿಟ್ಟು ಸಾಮಾನ್ಯವಾಗಿ ಅವರಿಗಿಂತ ಮೊದಲು ಜೀಪು ಹತ್ತುತ್ತಿತ್ತು. ಹಿಂದೆ ಕಾನ್‌ಸ್ಟೇಬಲ್ ಸುವರ್ಣಾ ಹತ್ತಿದಳು.

ರಾಚವ್ವ ಕಟ್ಟೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ.

"ಚೀಲಾ ನೋಡ್ರಿ ಸಾಹೇಬ್ರ. ಆದ್ರ ಒಮ್ಮೆ ಕಳ್ಳಿ ಅಂತ ಹೆಸರು ಬರದ್ರ ನಾಳಿಂದ ಯಾರೂ ನನ್ನ ಮನಿಯೊಳಗ ಕರಿಯಂಗಿಲ್ಲ."

ನೆರೆಯ ಇಬ್ಬರನ್ನು ಪಂಚರನ್ನಾಗಿ ನಿಲ್ಲಿಸಿ ಸುವರ್ಣಾ ಚೀಲ ಬಿಚ್ಚಿದಳು. ಎರಡು ಸೀರೆ, ಬಾಚಣಿಗೆ, ತಳದಲ್ಲಿ ಒಂದು ಬಟ್ಟೆಯ ಗಂಟು. ಗಂಟಿನಲ್ಲಿ ಬೋರಮಾಳ. ಅದರ ಕೆಳಗೆ ಮೂರು ಶೇಂಗಾ ಹೋಳಿಗೆ.

ರಾಚವ್ವ ಕಟ್ಟೆಯಿಂದ ಎದ್ದು ನಿಂತಳು. ಸಂಗನಬಸವ ಪಂಚರತ್ತ ತಿರುಗಿ, ನೋಡಿದಿರಾ ಎಂದ. ಪಂಚನಾಮೆಯಲ್ಲಿ ಹೋಳಿಗೆಯನ್ನೂ ಬರೆಯಬೇಕೇ ಎಂದು ಸುವರ್ಣಾ ಕೇಳಿದಳು.

"ಬರಿ. ಒಂದು ಮುರದೈತಿ, ಅದನ್ನೂ ಬರಿ."

ರಾಚವ್ವನನ್ನು ಕಳಿಸಿದ್ದು ಸೊಲ್ಲಾಪುರ ರಸ್ತೆಯ ಒಂದು ಆರೈಕೆ ಏಜೆನ್ಸಿ. ಅದನ್ನು ನಡೆಸುವ ಕಾಸಿಮಸಾಬನಿಗೆ ಮಲಕಾಜಪ್ಪ ಫೋನು ಮಾಡಿದರು. ಆತ ಹೇಳಿದ್ದಿಷ್ಟು: ಆರೈಕೆಯವಳು ಆ ಮನೆಯಲ್ಲೇ ಉಂಡು ಮಲಗುತ್ತಾಳೆ, ಆದರೆ ಕೆಲಸ ಮುದುಕಿಯದಷ್ಟೇ. ಜಳಕ, ಔಷಧ, ಊಟ, ನಡೆದಾಡಿಸುವುದು. ಮಧ್ಯಾಹ್ನ ವಿಶ್ರಾಂತಿ, ಆಗಾಗ ರಜೆ, ರಜೆಯಲ್ಲಿ ಬದಲಿ ಹೆಂಗಸು. ಈ ಮನೆಯಲ್ಲಿ ಮಾತ್ರ ಎಲ್ಲರನ್ನೂ ರೊಟ್ಟಿ ಹಂಚಿನ ಮುಂದೆ ಕೂಡಿಸಿದ್ದರಿಂದ, ಮೊದಲಿನ ಹೆಂಗಸರು ರಜೆಗೆಂದು ಹೋದವರು ತಿರುಗಿ ಬರಲೇ ಇಲ್ಲ.

ಮಲಕಾಜಪ್ಪ ಗುರುಬಸವ್ವನ ಸೊಸೆ ವಿಜಯಲಕ್ಷ್ಮಿಯನ್ನು ಕರೆದು, ಆರೈಕೆಯವಳಿಂದ ಮನೆಗೆಲಸ ಮಾಡಿಸಿದ್ದೇಕೆ ಎಂದು ಕೇಳಿದರು. ಆಕೆಗೆ ಯಾವ ಅಳುಕೂ ಇರಲಿಲ್ಲ.

"ಮನಿಯಾಗ ಇರಾಕಿ ಅಂತ ಏಜೆನ್ಸಿಯವ್ರ ಅಂದ್ರು. ಮನಿಯಾಗ ಇರಾಕಿ ಮನಿ ಕೆಲಸಾ ಮಾಡಬೇಕಲ್ರಿ?"

"ನಾನೂ ಠಾಣೆದಾಗ ಇರ್ತೀನಿ. ಠಾಣೆ ಕಸಾ ಹೊಡೀಲೇನು?"

ಸುವರ್ಣಾ ಗೋಡೆ ಕಡೆ ಮುಖ ತಿರುಗಿಸಿಕೊಂಡಳು.

"ಹೋಳಿಗಿ ಯಾರು ಮಾಡಿದ್ದು?"

"ನಾನರಿ. ಕಪಾಟಿನಾಗ ಕೀಲಿ ಹಾಕಿಟ್ಟೇನಿ. ಅತ್ತಿಯವ್ರಿಗೆ ದಿನಕ್ಕೊಂದು ಕೊಡ್ತೀನಿ."

"ರಾಚವ್ವಗ?"

"ಆಕಿಗ್ಯಾಕ್ರಿ?"

ಕದ್ದವರು ಮಾಲನ್ನು ಬಚ್ಚಿಡುತ್ತಾರೆ, ಹೋಳಿಗೆಯ ಜೊತೆ ಕಟ್ಟಿಕೊಳ್ಳುವುದಿಲ್ಲ. ಇದು ಊರಿಗೆ ಹೋಗುವವರಿಗೆ ಮನೆಯವರು ಕಟ್ಟುವ ಬುತ್ತಿ. ಮಲಕಾಜಪ್ಪ ಒಳಗೆ ಹೋಗಿ ಗುರುಬಸವ್ವನ ಮಂಚದ ಬಳಿ ಕುಳಿತರು.

"ಯವ್ವಾ, ಕಳ್ಳಿಗೆ ಬುತ್ತಿ ಕಟ್ಟಿದ್ಯಾ?"

ಮುದುಕಿ ಸೆರಗು ಸರಿಮಾಡಿಕೊಂಡಳು. "ಠಾಣೆದಾಗ ಊಟಾ ಯಾವಾಗ ಕೊಡ್ತೀರೋ ಏನೋ."

ಆಮೇಲೆ ಎಲ್ಲ ಹೇಳಿದಳು. ಹೋದ ವರ್ಷ ಅಂಗಡಿಯಲ್ಲಿ ಕಳವಾದಾಗ, ವಿಚಾರಣೆ ಮುಗಿಯುವತನಕ ಊರು ಬಿಟ್ಟು ಹೋಗಬಾರದೆಂದು ಪೊಲೀಸರು ಆಳುಮಗನಿಗೆ ಹೇಳಿದ್ದರು. ಆತ ಇನ್ನೂ ಇಲ್ಲೇ ಇದ್ದಾನೆ. ರಾಚವ್ವನಿಗೂ ಹಾಗೇ ಹೇಳಿದರೆ ಬಬಲೇಶ್ವರದ ಅಕ್ಕನ ಮನೆಗೆ ಹೋಗದೆ ಇಲ್ಲೇ ಉಳಿದಾಳೆಂದು, ಆಕೆ ಹಾಲಿನ ಲೋಟ ತೊಳೆಯಲು ಹೋದಾಗ ಗಂಟನ್ನು ಚೀಲಕ್ಕೆ ಹಾಕಿದ್ದಳು.

"ನನ್ನ ಒಂದು ಮಾತು ಕೇಳಬಾರದಿತ್ತೇನ ಬೇ?" ಬಾಗಿಲಲ್ಲಿ ನಿಂತಿದ್ದ ರಾಚವ್ವ ಅಂದಳು.

"ಕೇಳಿದ್ರ ಇರ್ತಿದ್ದೇನು?"

"ಇರ್ತಿದ್ದಿಲ್ಲ."

ಪೊಲೀಸರಿಗೆ ಸುಳ್ಳು ಹೇಳಿದರೆ ಅರೆಸ್ಟ್ ಮಾಡಬೇಕಾಗುತ್ತದೆ ಎಂದು ಮಲಕಾಜಪ್ಪ ಗುಡುಗಿದರು. ಮುದುಕಿ ಎರಡೂ ಕೈ ಮುಂದೆ ಚಾಚಿದಳು.

"ಮಾಡ್ರಿ. ಈಕಿನೂ ಜೋಡಿ ಬರ್ಲಿ. ನನಗ ಒಬ್ಬಾಕಿಗೆ ಏಳಾಕ ಬರಂಗಿಲ್ಲ."

"ಅಷ್ಟು ಮಂದಿ ಬಂದು ಹ್ವಾದ್ರು. ಈಕಿನೇ ಯಾಕ ಬೇಕು?" ಮಲಕಾಜಪ್ಪ ಕೇಳಿದರು.

ಗುರುಬಸವ್ವ ಹಿಂದೆಯೇ ಬಂದು ನಿಂತಿದ್ದ ಮಗನಿಗೆ ಹೊರಗೆ ಹೋಗೆಂದು ಸನ್ನೆ ಮಾಡಿದಳು. ಅವನು ಹೋದ ಮೇಲೆ ದನಿ ತಗ್ಗಿಸಿದಳು. ಉಳಿದವರು ಬಚ್ಚಲ ಬಾಗಿಲು ತೆರೆದಿಟ್ಟು, ಅಡುಗೆಮನೆಯವರ ಜೊತೆ ಮಾತಾಡುತ್ತಲೇ ಮೈಮೇಲೆ ನೀರು ಸುರಿಯುತ್ತಿದ್ದರು. ಅಂಗಳದಲ್ಲಿ ಅಂಗಡಿಯ ಆಳುಗಳು ಓಡಾಡುತ್ತಿರುತ್ತಾರೆ.

"ಈಕಿ ಚಿಲಕಾ ಹಾಕ್ತಾಳ್ರಿ."

ಮಲಕಾಜಪ್ಪ ಮಂಚದ ಬಳಿಯಿಂದ ಎದ್ದರು. ಹೊರಗೆ ಬಂದು ಸಿಟ್ಟನ್ನೆಲ್ಲ ಸಂಗನಬಸವನ ಮೇಲೆ ಹಾಕಿ, ರಾಚವ್ವನದು ತಪ್ಪಿಲ್ಲವೆಂದು ಬರೆಸಿಕೊಂಡರು.

ಬರುತ್ತೀಯಾ ಎಂದು ಯಾರೂ ಕೇಳಲಿಲ್ಲ. ರಾಚವ್ವ ತಾನಾಗಿಯೇ ವಿಜಯಲಕ್ಷ್ಮಿಗೆ ಹೇಳಿದಳು. "ರಜಾ ಮುಗಿಸಿ ಬಂದ್ರ ಯವ್ವನ ಸಲುವಾಗಿ ಬರ್ತೀನ್ರಿ. ರೊಟ್ಟಿ ನೀವ ಬಡೀರಿ." ಚೀಲ ಕೆಳಗಿಟ್ಟು ಮುದುಕಿಯ ತೋಳು ಹಿಡಿದು ಎಬ್ಬಿಸಿ ಬಚ್ಚಲಿಗೆ ನಡೆಸಿಕೊಂಡು ಹೋದಳು.

ಅಷ್ಟರಲ್ಲಿ ಠಾಣೆಯಿಂದ ಫೋನು ಬಂತು. ಆರೋಪಿ ಸಿಕ್ಕಳೇ ಎಂದು ಕೇಳಿದರು. ಸಿಕ್ಕಳು ಎಂದರು ಮಲಕಾಜಪ್ಪ. ಕರೆತರುತ್ತೀರಾ ಎಂದರು. ಒಳಗೆ ನೀರು ಸುರಿಯುವ ಸಪ್ಪಳ ಕೇಳುತ್ತಿತ್ತು.

"ಜಳಕಾ ಮಾಡಾಕತ್ತಾಳ. ಬಾಗಲಾ ಹಾಕೇತಿ."