ತಣ್ಣಗಿದ್ದ ಸೀಸೆ

ಸಾವಿರ ಕಳ್ಳರನ್ನು ಬರೀ ಮುಖ ನೋಡಿಯೇ ಹಿಡಿದವಳು ನಮ್ಮ ದೊಡ್ಡಮ್ಮ. ಸರಿ, ಅರ್ಧ ಸುಳ್ಳು, ಐನೂರು ಅಂದುಕೊಳ್ಳಿ. ಪೊಲೀಸ್ ಕೆಲಸದಿಂದ ನಿವೃತ್ತಳಾದರೂ ಅವಳ ಮೂಗು ಮಾತ್ರ ಡ್ಯೂಟಿಯಲ್ಲೇ ಇತ್ತು.

ಆ ಬೆಳಿಗ್ಗೆ ದಾರಿಯಲ್ಲಿ ರಾತ್ರಿ ಉಳಿದಿದ್ದ ಲಾಡ್ಜಿನ ಅಡುಗೆಮನೆಯಲ್ಲಿ ಅವಳ ತಂಗಿಯ ಸೊಸೆ ಫ್ರಿಜ್ ಮುಂದೆ ಕುಸಿದು ಕೂತಿದ್ದಳು. ಕೈಯಲ್ಲಿ ಗಂಡನ ಇಂಜೆಕ್ಷನ್ ಸೀಸೆ. ನಿನ್ನೆ ನೀರಿನಂತೆ ತಿಳಿಯಾಗಿದ್ದ ಔಷಧಿಯಲ್ಲಿ ಈಗ ಒಡೆದ ಹಾಲಿನಂಥ ಚೂರುಗಳು.

ಮಧ್ಯಾಹ್ನ ಮುಂದಿನ ಊರಿನ ಆಸ್ಪತ್ರೆಯಲ್ಲಿ ಚುಚ್ಚಬೇಕಾದದ್ದು. ಇದ್ದದ್ದು ಅದೊಂದೇ. ಇನ್ನೊಂದು ತರಿಸಲು ತಿಂಗಳು ಬೇಕು. ಅವನಿಗೆ ಅಷ್ಟು ದಿನ ಇಲ್ಲ ಅಂದಿದ್ದರು ಡಾಕ್ಟರು.

“ಇವನೇ ಹಾಳು ಮಾಡಿದ್ದು!” ತಂಗಿ ಅಡುಗೆಯವನ ಮೇಲೆ ಎಗರಿದಳು. “ಫ್ರಿಜ್ ಬಾಗಿಲು ತೆಗೆದಿಟ್ಟು ಹಾಡು ಹೇಳ್ತಿದ್ದ. ನನ್ನ ಮಗನ ಔಷಧಿ ಬಿಸಿಯಾಗಿ ಕೆಟ್ಟೋಯ್ತು!”

“ಹಾಲು ತೆಗೆದೆ ಅಷ್ಟೇ ಅಮ್ಮಾ. ಹಾಡೋಕೆ ನನಗೇನು ಹುಚ್ಚಾ?”

“ರಾತ್ರಿ ಕರೆಂಟ್ ಹೋಗಿತ್ತಾ?” ದೊಡ್ಡಮ್ಮ ಕೇಳಿದಳು.

“ಇಲ್ಲಮ್ಮ. ಬೆಣ್ಣೆ ಮುಟ್ಟಿ ನೋಡಿ, ಕಲ್ಲು.”

ಒತ್ತಿದಳು. ಬೆರಳು ಇಳಿಯಲಿಲ್ಲ. ಅಂದರೆ ಔಷಧಿ ಕೆಟ್ಟದ್ದು ಬಿಸಿಯಿಂದಲ್ಲ.

* * *

ಸೀಸೆಗೆ ಅಂಟಿಸಿದ್ದ ಚೀಟಿಯ ಮೂಲೆ ಹರಿದಿತ್ತು. ದೊಡ್ಡಮ್ಮ ಮೇಲಿನ ಫ್ರೀಜರ್ ಬಾಗಿಲಿಗೆ ಕೈ ಹಾಕಿದಳು.

“ಅದನ್ನ ನಾವು ಮುಟ್ಟಲ್ಲಮ್ಮ,” ಅಂದ ಅಡುಗೆಯವನು. “ಐಸು ಅಂಟ್ಕೊಂಡು ಬಾಗಿಲೇ ಬರಲ್ಲ.”

ಸಲೀಸಾಗಿ ಬಂತು. ಅಂಚಿನ ಐಸನ್ನು ಯಾರೋ ಕೆರೆದಿದ್ದರು. ಒಳಗೆ ಐಸಿಗೆ ಅಂಟಿಕೊಂಡ ಚೀಟಿಯ ಚೂರು. ಪಕ್ಕದಲ್ಲಿ ಡೊಂಕಾದ ಹೇರ್‌ಪಿನ್.

ಅಡುಗೆಯವನದು ಬೋಳುತಲೆ. ಸೊಸೆಯ ಕೂದಲಿಗೆ ರಬ್ಬರ್ ಬ್ಯಾಂಡು. ತಂಗಿಯ ತುರುಬು ಮಾತ್ರ ಕತ್ತಿನ ಮೇಲೆ ಜಾರಿ ಬಿದ್ದಿತ್ತು.

ದೊಡ್ಡಮ್ಮ ಪಿನ್ನು ಎತ್ತಿ ಹಿಡಿದಳು.

“ಪಿನ್ನು ನಿಂದೇನೇ?”

ತಂಗಿ ತುರುಬು ಮುಟ್ಟಿಕೊಂಡಳು. ಎಗರಾಟ ನಿಂತುಹೋಯಿತು.

“ಡಾಕ್ಟ್ರು ತಣ್ಣಗಿಡಿ ಅಂದ್ರು ಅಕ್ಕಾ. ಇವ್ನು ಮಾತುಮಾತಿಗೂ ಬಾಗಿಲು ತೆಗೀತಿದ್ದ. ಮೇಲಿಟ್ರೆ ಇನ್ನೂ ತಣ್ಣಗಿರುತ್ತೆ ಅಂತ ಇಟ್ಟೆ. ಸೊಸೆ ಬೈತಾಳೆ ಅಂತ ಬೆಳಿಗ್ಗೆ ಎದ್ದು ಕೆಳಗಿಟ್ಟೆ.”

“ತಣ್ಣಗಿಡು ಅಂದ್ರು, ಹೆಪ್ಪುಗಟ್ಟಿಸು ಅನ್ಲಿಲ್ಲ ಕಣೇ! ಹೆಪ್ಪುಗಟ್ಟಿ ಕರಗಿದ್ದಕ್ಕೇ ಈ ಚೂರು.”

ಸೊಸೆ ಆಸ್ಪತ್ರೆಗೆ ಫೋನ್ ಮಾಡಿದಳು. ಒಂದೇ ಮಾತು ಬಂತು: ಎಸೆದುಬಿಡಿ.

* * *

ಮೇಲಿನ ಕೋಣೆಯಿಂದ ರೋಗಿಯ ದನಿ ಕೇಳಿತು. “ಅಮ್ಮಾ, ಔಷಧಿ ಜೋಪಾನವಾಗಿದೆ ತಾನೆ? ಹೊರಡೋಣ್ವಾ?”

ತಂಗಿ ಅಕ್ಕನ ಸೆರಗು ಹಿಡಿದಳು. “ನಾನೇ ಅಂತ ಮಾತ್ರ ಹೇಳ್ಬೇಡ ಅಕ್ಕಾ.”

“ಹೇಳಿ,” ಅಂದಳು ಸೊಸೆ. “ಅವರಿಗೆ ಗೊತ್ತಾಗ್ಲಿ.”

ದೊಡ್ಡಮ್ಮ ಸೆರಗು ಬಿಡಿಸಿಕೊಂಡು ಮೆಟ್ಟಿಲು ಹತ್ತಿದಳು. ಅವನು ಆಗಲೇ ಶೂ ಹಾಕಿಕೊಂಡು ಮಂಚದ ಮೇಲೆ ಕೂತಿದ್ದ. ಅವಳನ್ನು ಕಂಡು ನಕ್ಕ.

ಅವಳು ಏನಂದಳು? ನೀವೇ ಹೇಳಿ ನೋಡೋಣ.